ಗಿಡ ನೆಡೋ ಮುಂಚೆ ದನ ಕಾಯೋರನ್ನ ಕೇಳಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯವರಿಗೆ ಸಮುದ್ರ ದೂರ. ಕಾಂಡ್ಲಾ ಕಾಡಂತೂ ಇಲ್ಲವೇ ಇಲ್ಲ. ಆದರೂ 2023ರ ಕೇಂದ್ರ ಬಜೆಟ್ಟಿನಲ್ಲಿ ಕರಾವಳಿಯುದ್ದಕ್ಕೂ ಕಾಂಡ್ಲಾ ನೆಡುವ 'ಮಿಷ್ಟಿ' ಯೋಜನೆ ಘೋಷಣೆಯಾದಾಗಿನಿಂದ ನಮ್ಮ ಕಡೆಯ ಹಳೇ ಕಥೆಯೊಂದು ತಲೆಯಲ್ಲಿ ಕೊರೆಯುತ್ತಿದೆ. ಕಾಂಡ್ಲಾ ನೆಡುವವರು ಅದನ್ನು ಕೇಳಲೇಬೇಕು ಅನ್ನಿಸಿ ಬರೀತಿದ್ದೀನಿ.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಒಂದು ಕಂಪನಿ ಹುಟ್ಟಿತು. ಸರ್ಕಾರದ ಪಾಲು ನೂರಕ್ಕೆ 51. ಉಳಿದ 49 ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್‌ನದು. ಸುಮಾರು 30,000 ಹೆಕ್ಟೇರ್ ಜಾಗದಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವ ಲೆಕ್ಕಾಚಾರ. ಕಾಗದದ ಮೇಲೆ ಅದು 'ಪಾಳು ಭೂಮಿ'. ಊರಿನವರಿಗೆ? ದನಕ್ಕೆ ಹುಲ್ಲು, ಆಡಿಗೆ ಸೊಪ್ಪು, ಒಲೆಗೆ ಪುಳ್ಳೆ! ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡಲ್ಲ.

ಸಮಾಜ ಪರಿವರ್ತನ ಸಮುದಾಯದವರ ಜೊತೆ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಅಲ್ಲೇ ತಮಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು. ನೋಡಿ, ಅವರು ಕಾಡು ಬೇಡ ಅನ್ನಲಿಲ್ಲ. ಯಾರ ಕಾಡು, ಯಾವ ಗಿಡ ಅಂತ ಕೇಳಿದರು, ಅಷ್ಟೇ.

ಪ್ರಾಣಿಗಳಿಗಾದರೂ ಒಳ್ಳೇದಾಯ್ತಾ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಚಿಗರಿಗೆ ಬೇಕಾದದ್ದು ಬಯಲು, ಹುಲ್ಲು. ಅಲ್ಲಿ ನೆಟ್ಟದ್ದು ಬಹುಪಾಲು ನೀಲಗಿರಿ. ಒಂದು ಕಾಲದಲ್ಲಿ ಅಲ್ಲಿದ್ದ ಎರ್ಲಡ್ಡು ಹಕ್ಕಿ ಈಗ ಕಾಣುವುದಿಲ್ಲ. ಚಿಗರಿಗಳೋ, ರಾತ್ರಿ ಪಕ್ಕದ ಹೊಲಕ್ಕೆ ಮೇಯೋಕೆ ಇಳಿಯುತ್ತವೆ. ನಷ್ಟ ಗೋವಿನಜೋಳ ಬಿತ್ತಿದವನಿಗೆ. ಅವನಿಗೆ ಅಭಯಾರಣ್ಯದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು ಹೇಳಿ?

ಇನ್ನು ಘಟ್ಟ ಇಳಿದು ಕುಮಟಾಕ್ಕೆ ಹೋಗೋಣ. ಅಘನಾಶಿನಿ ಅಳಿವೆಯ ಕಾಂಡ್ಲಾ ಬೇರುಗಳ ನಡುವೆ ಮೀನು, ಸಿಗಡಿ ಮರಿಗಳು ಬೆಳೆಯುತ್ತವೆ. ಕೆಸರಲ್ಲಿ ಚಿಪ್ಪಿಕಲ್ಲು ಆರಿಸಿ ಸಂಸಾರ ತೂಗಿಸುವ ಹೆಂಗಸರಿದ್ದಾರೆ. ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. 2024ರ ಜನವರಿಯಲ್ಲಿ ಅಳಿವೆಗೆ ರಾಮ್ಸರ್ ಪಟ್ಟವೂ ಸಿಕ್ಕಿತು. ಸಂತೋಷ. ಆದರೆ ಚಿಪ್ಪಿ ಆರಿಸುವ ಬಯಲು ಕೆಸರನ್ನು 'ಖಾಲಿ ಜಾಗ' ಅಂತ ಬರಕೊಂಡು ಸಸಿ ನೆಟ್ಟರೆ, ಅದೂ ನಮ್ಮ ನೀಲಗಿರಿಯ ಕಥೆಯೇ.

"ಜನರ ಕೈಗೆ ಬಿಟ್ಟರೆ ಕಾಡು ಉಳಿಯುತ್ತಾ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಮಿತಿಯಿಲ್ಲದೆ ಮೇಯಿಸಿದರೆ ಹುಲ್ಲುಗಾವಲೂ ಬೋಳಾಗುತ್ತೆ, ಸೌದೆಗೆ ಕಡಿದರೆ ಕಾಂಡ್ಲಾನೂ ಹೋಗುತ್ತೆ. ಹಾಗಂತ ಮಿತಿ ಹಾಕುವವರು ಯಾರು? ದಿನಾ ಅಲ್ಲೇ ಇರುವವರು ಒಪ್ಪದ ಮಿತಿಯನ್ನು ಯಾವ ಗಾರ್ಡ್ ಕಾಯ್ತಾನೆ?

ಅದಕ್ಕೇ ನನ್ನದು ಒಂದೇ ಬೇಡಿಕೆ. ಸಸಿಗಳ ಲೆಕ್ಕ ಬರೆಯುವ ಮುಂಚೆ ಇನ್ನೊಂದು ಲೆಕ್ಕ ಬರೆಯಲಿ: ಈ ಜಾಗಕ್ಕೆ ಯಾರು ಬರ್ತಾರೆ, ಯಾವ ತಿಂಗಳಲ್ಲಿ, ಏನು ಒಯ್ಯುತ್ತಾರೆ ಅಂತ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಆ ಪಟ್ಟಿ ಖಾಲಿ ಇದ್ದರೆ ಮಾತ್ರ ಅದನ್ನು ಪಾಳು ಅನ್ನಲಿ. ಖಾಲಿ ಇರೋದಿಲ್ಲ ಅಂತ ನನ್ನ ನಂಬಿಕೆ.

ಕರಾವಳಿ ಕಡೆಯ ಗೆಳೆಯರೇ, ನೀವೇನಂತೀರಿ?