ಹೊಲಿಗೆ ಹಾಕಿದಿರಿ, ಮಾತಾಡಿದಿರಾ?



ಶನಿವಾರ ರಾತ್ರಿ ಹನ್ನೊಂದರ ಮೇಲೆ ಬೆಂಗಳೂರಿನ ಯಾವುದಾದರೂ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿ. ಬೈಕಿನಿಂದ ಬಿದ್ದು ಮಂಡಿ ಕಿತ್ತುಕೊಂಡವನು, ಬಾರಿನ ಮುಂದೆ ಬಾಟಲಿ ಏಟು ತಿಂದವನು, ಮೆಟ್ಟಿಲು ಜಾರಿ ತಲೆ ಒಡೆದುಕೊಂಡವನು, ಕುಡಿದ ಗಂಡನ ಕೈಯಲ್ಲಿ ಹೊಡೆಸಿಕೊಂಡು ಬಂದ ಹೆಣ್ಣುಮಗಳು. ಮೂಗಿಗೆ ಬಡಿಯುವುದು ಎರಡೇ ವಾಸನೆ. ಒಂದು ಆಸ್ಪತ್ರೆಯ ಸ್ಪಿರಿಟ್ಟಿನದು, ಇನ್ನೊಂದು ಎಣ್ಣೆಯದು.

ಒಳಗೆ ಏನಾಗುತ್ತದೆ? ಹೊಲಿಗೆ ಹಾಕುತ್ತಾರೆ. ಟಿ.ಟಿ. ಇಂಜೆಕ್ಷನ್ ಚುಚ್ಚುತ್ತಾರೆ. ಪೊಲೀಸರಿಗೆ ಚೀಟಿ ಬರೆಯುತ್ತಾರೆ. ಕೇಸ್ ಶೀಟಿನಲ್ಲಿ ‘ಮದ್ಯದ ವಾಸನೆ ಇದೆ’ ಎಂದು ಗೀಚುತ್ತಾರೆ. ‘ಕುಡಿದು ಸಾಯೋಕೆ ಇಲ್ಲಿಗೇ ಬರಬೇಕಾ?’ ಎಂಬ ಮಂಗಳಾರತಿ ಉಚಿತ. ಬೆಳಿಗ್ಗೆ ಮನೆಗೆ ಕಳಿಸುತ್ತಾರೆ. ಗಾಯ ಮಾಯುತ್ತದೆ, ಗಾಯದ ಕಾರಣ ಹಾಗೇ ಉಳಿಯುತ್ತದೆ.

ನಮ್ಮ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ ಇದ್ದ. ಮೂವತ್ತು ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದವನು ನಾನೇ. ಮೊದಲ ಸಲ ಹಣೆ, ಎರಡನೇ ಸಲ ಮೊಣಕೈ, ಮೂರನೇ ಸಲ ಎರಡು ಬೆರಳು. ಎರಡನೇ ಸಲ ಹೊಲಿಗೆ ಹಾಕಿಸಿಕೊಳ್ಳುತ್ತಾ ಅವನು ಅತ್ತ. ‘ಸಾಕಾಗಿದೆ ಸಾರ್, ಬಿಡಬೇಕು’ ಎಂದ. ಆ ಮಾತನ್ನು ಹಿಡಿದುಕೊಳ್ಳಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೂ ಬರಲಿಲ್ಲ. ಬೈದೆ, ಆಟೋ ಹತ್ತಿಸಿದೆ. ಎರಡು ಬೆರಳು ಹೋದದ್ದು ಅದಾದ ಮೇಲೆ.

ರಕ್ತ ಸುರಿಯುವಾಗ, ನಶೆ ಇಳಿಯುವಾಗ ಕುಡಿಯುವವನು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಆ ಗಳಿಗೆಯಲ್ಲಿ ಆಡಿದ ನಾಲ್ಕು ಮಾತು ಕೂಡ ಚಿಕಿತ್ಸೆಯೇ. ಇದು ಭಾಷಣದ ಮಾತಲ್ಲ. ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಗಾಯಗೊಂಡು ಸೇರಿದ್ದ 762 ಕುಡಿಯುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಜೊತೆ ಸುಮಾರು ಅರ್ಧ ಗಂಟೆ, ಒಂದೇ ಸಲ, ಕೂತು ಮಾತಾಡಿದರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ನಂತರ ಮಾತಾಡಿಸಿದವರು ವಾರಕ್ಕೆ ಸುಮಾರು 22 ಪೆಗ್ಗು ಕಡಿಮೆ ಮಾಡಿದ್ದರು, ಮಾತಾಡಿಸದವರು ಸುಮಾರು 7. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆ ಒಂದು ನಿಮಿಷದಲ್ಲಿ ಮುಗಿಯುವ ಪ್ರಶ್ನೆಗಳನ್ನು ತನ್ನ ಡ್ಯೂಟಿ ಡಾಕ್ಟರುಗಳ ಕೈಗಿಟ್ಟಿತು. ಅಲ್ಲಿ 599 ರೋಗಿಗಳ ಅಧ್ಯಯನ 2004ರಲ್ಲಿ ಬಂತು. ಸಲಹೆಗಾರರ ಬಳಿ ಕಳಿಸಿದವರು ಮುಂದಿನ ವರ್ಷ ಎಮರ್ಜೆನ್ಸಿಗೆ ಬಂದದ್ದು ಸರಾಸರಿ 1.2 ಸಲ, ಉಳಿದವರು 1.7 ಸಲ. ಎಲ್ಲ ಅಧ್ಯಯನಗಳಲ್ಲೂ ಇಷ್ಟೇ ಒಳ್ಳೆಯ ಫಲ ಸಿಕ್ಕಿಲ್ಲ, ನಿಜ. ಆದರೆ ಬೈಗುಳದಿಂದ ಒಬ್ಬನಾದರೂ ಬಿಟ್ಟಿದ್ದನ್ನು ನೀವು ಕಂಡಿದ್ದೀರಾ?

ಹೀಗೆ ಮಾತಾಡುವುದು ಹುಟ್ಟಿನಿಂದ ಬರುವುದಿಲ್ಲ, ಕಲಿಸಬೇಕು. ಕಲಿಸಬೇಕಾದದ್ದು ಬಹಳವೂ ಇಲ್ಲ. ‘ಅಣ್ಣಾ, ಕುಡಿಯೋ ವಿಷಯ ಸ್ವಲ್ಪ ಮಾತಾಡಬಹುದಾ?’ ಎಂದು ಮೊದಲು ಒಪ್ಪಿಗೆ ಕೇಳುವುದು. ವಾರಕ್ಕೆ ಎಷ್ಟು ದಿನ, ಕೂತರೆ ಎಷ್ಟು ಎಂದು ಕೇಳುವುದು. ಈ ಗಾಯಕ್ಕೂ ಕುಡಿತಕ್ಕೂ ಸಂಬಂಧ ಇದೆಯಾ ಎಂದು ಅವನಿಂದಲೇ ಹೇಳಿಸುವುದು. ‘ಕಡಿಮೆ ಮಾಡೋಕೆ ಒಂದರಿಂದ ಹತ್ತರಲ್ಲಿ ಎಷ್ಟು ತಯಾರಿದ್ದೀರಿ?’ ಎನ್ನುವುದು. ಅವನು ನಾಲ್ಕು ಎಂದರೆ ‘ಯಾಕೆ ಎರಡು ಅನ್ನಲಿಲ್ಲ?’ ಎಂದು ಕೇಳುವುದು. ಆಗ ಹೆಂಡತಿ, ಮಗು, ಕೆಲಸ ಎಂದು ಕಾರಣ ಅವನ ಬಾಯಿಂದಲೇ ಹೊರಡುತ್ತದೆ. ಕೊನೆಗೆ ಅವನೇ ಒಪ್ಪಿದ ಒಂದು ಗುರಿ, ಮುಂದೆ ಹೋಗಬೇಕಾದ ಜಾಗ ಮತ್ತು ದಿನಾಂಕ ಬರೆದ ಒಂದು ಚೀಟಿ. ಬರೀ ‘ಕುಡಿಯಬೇಡ’ ಎಂದು ಕಳಿಸುವುದು ಅಪಾಯವೂ ಹೌದು. ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವವೇ ಹೋಗಬಹುದು. ಅಂಥವನನ್ನು ಗುರುತಿಸಿ ದಾಖಲು ಮಾಡಿಕೊಳ್ಳುವುದೂ ಇದೇ ತರಬೇತಿಯ ಪಾಠ.

ಇಲ್ಲಿ ನಮ್ಮ ನುಡಿಯ ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿ ‘ಎಷ್ಟು ಡ್ರಿಂಕ್ಸ್?’ ಎಂದು ಕೇಳುತ್ತದೆ. ನಮ್ಮವರು ಕುಡಿಯುವುದು ಡ್ರಿಂಕ್ಸ್ ಲೆಕ್ಕದಲ್ಲಾ? ತೊಂಬತ್ತು, ಕ್ವಾರ್ಟರು, ಹಾಫು! ‘ಒಂದೇ ಸಾರ್’ ಎನ್ನುವವನ ಮನಸ್ಸಿನಲ್ಲಿರುವುದು ಒಂದು ಕ್ವಾರ್ಟರು. 180 ಮಿಲಿ, ಅಂದರೆ 30 ಮಿಲಿಯ ಆರು ಪೆಗ್ಗು. ಡಾಕ್ಟರು ‘ಒಂದು’ ಎಂದು ಬರೆದುಕೊಂಡರೆ ಲೆಕ್ಕ ಮೊದಲ ಸಾಲಿಗೇ ಕೆಟ್ಟಿತು. ನರ್ಸಮ್ಮ ಯಾವ ಊರಿನವರಾದರೂ ಆಗಲಿ, ನಮಗೆ ತಕರಾರಿಲ್ಲ. ಆ ಐದು ನಿಮಿಷದ ಮಾತು ಮಾತ್ರ ರೋಗಿಯ ಭಾಷೆಯಲ್ಲಿರಬೇಕು, ರೋಗಿಯ ಲೆಕ್ಕದಲ್ಲಿರಬೇಕು.

ದುಡ್ಡಿಲ್ಲ ಎನ್ನುತ್ತಾರಾ? 2025-26ರ ಬಜೆಟ್ಟಿನಲ್ಲಿ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. 2007ರಲ್ಲಿ ಸಾರಾಯಿ ನಿಲ್ಲಿಸಿದರು, ಅಂಗಡಿಯಲ್ಲಿ ವಿಸ್ಕಿ ಉಳಿಯಿತು. ಬಾಟಲಿಯಿಂದ ಬಂದ ದುಡ್ಡಿನಲ್ಲಿ ಒಂದು ಹನಿಯಾದರೂ ಬಾಟಲಿಯಿಂದ ಬಿದ್ದವನಿಗೆ ಬೇಡವೇ?

ನಮ್ಮ ಒತ್ತಾಯ ಇಷ್ಟು. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಎಮರ್ಜೆನ್ಸಿಯ ಪ್ರತಿ ಡಾಕ್ಟರು, ನರ್ಸಿಗೆ ಈ ತರಬೇತಿ ಕಡ್ಡಾಯವಾಗಲಿ. ಹೌಸ್ ಸರ್ಜನ್ನರು ಬದಲಾಗುತ್ತಲೇ ಇರುತ್ತಾರೆ, ಹಾಗಾಗಿ ಮತ್ತೆ ಮತ್ತೆ ನಡೆಯಲಿ. ಪಾಠ ಕೊಡಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ನಮ್ಮ ಊರಿನಲ್ಲೇ ಇದೆ. ಕನ್ನಡದ ಪ್ರಶ್ನೆಗಳ ಒಂದು ಕಾರ್ಡು ಪ್ರತಿ ಟೇಬಲ್ಲಿನ ಮೇಲೆ ಇರಲಿ. ಅಚ್ಚು ಹಾಕುವ ಖರ್ಚು ಎಷ್ಟೆಂದು ನನ್ನನ್ನು ಕೇಳಿ, ನಾಚಿಕೆಯಾಗುವಷ್ಟು ಕಡಿಮೆ!

ನಿಮಗೂ ಒಂದು ಮಾತು. ಮುಂದಿನ ಸಲ ಗೆಳೆಯನನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋದಾಗ ‘ಕುಡಿದಿಲ್ಲ ಡಾಕ್ಟ್ರೇ’ ಎಂದು ಸುಳ್ಳು ಹೇಳಬೇಡಿ. ‘ಇವನ ಕುಡಿತದ ಬಗ್ಗೆ ಸ್ವಲ್ಪ ಮಾತಾಡಿಸಿ’ ಎಂದು ಕೇಳಿ. ಅವರು ಮಾತಾಡದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಹುಡುಗ ‘ಸಾಕಾಗಿದೆ’ ಎಂದಾಗ ಯಾರೂ ಉತ್ತರ ಕೊಡಲಿಲ್ಲ. ನಿಮ್ಮ ಗೆಳೆಯ ಹಾಗೆಂದಾಗ ಉತ್ತರ ಕೊಡಲು ಒಬ್ಬರಾದರೂ ಅಲ್ಲಿರಲಿ.