ಸ್ನೋಬೋರ್ಡ್ ಗಲ್ಲದ ಎತ್ತರಕ್ಕೆ ಬಂದರೆ ಸಾಕೇ?

ಸ್ನೋಬೋರ್ಡ್ ಆಯ್ಕೆ ಮಾಡಲು ಹಳೆಯ ಲೆಕ್ಕವೊಂದಿದೆ: ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಅದು ನಿಮ್ಮ ಗಲ್ಲಕ್ಕೂ ಮೂಗಿಗೂ ನಡುವೆ ಬರಬೇಕು. ಇದು ಪೂರ್ತಿ ಸುಳ್ಳಲ್ಲ, ಆದರೆ ಹಲಗೆಯನ್ನು ಬಾಗಿಸುವುದು ನಮ್ಮ ಎತ್ತರವಲ್ಲ, ತೂಕ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರು 55 ಕೆಜಿ, ಇನ್ನೊಬ್ಬರು 85 ಕೆಜಿ ಎಂದುಕೊಳ್ಳೋಣ. ಮೊದಲನೆಯವರಿಗೆ ಬಗ್ಗದೆ ಸತಾಯಿಸುವ ಹಲಗೆಯೇ ಎರಡನೆಯವರ ಕಾಲಡಿ ಅತಿಯಾಗಿ ಬಾಗಿ, ವೇಗ ಹೆಚ್ಚಿದಾಗ ಅದುರಬಹುದು.

ಅದು ಬಾಗಲೇಬೇಕೇ? ಬೇಕು. ಮೇಲಿನಿಂದ ನೋಡಿದರೆ ಹಲಗೆಯ ನಡು ಸಣ್ಣ, ತುದಿಗಳು ಅಗಲ. ಅಂಚಿನ ಈ ಒಳಬಾಗಿಗೆ ಸೈಡ್‌ಕಟ್ ಎಂದು ಹೆಸರು. ಅದನ್ನು ದೊಡ್ಡ ವೃತ್ತವೊಂದರ ತುಣುಕು ಎಂದುಕೊಂಡರೆ, ಸಾಮಾನ್ಯ ಹಲಗೆಗಳಲ್ಲಿ ಅದರ ತ್ರಿಜ್ಯ 7ರಿಂದ 9 ಮೀಟರ್ ಆಸುಪಾಸು. ಹಲಗೆಯನ್ನು ಓರೆ ಮಾಡಿದಾಗ ಎರಡೂ ತುದಿಗಳು ಹಿಮವನ್ನು ಮುಟ್ಟುತ್ತವೆ, ನಡುಭಾಗ ತೂಕಕ್ಕೆ ಬಾಗಿ ಕೆಳಗಿಳಿಯುತ್ತದೆ, ಇಡೀ ಅಂಚು ಬಿಲ್ಲಿನಂತಾಗಿ ಹಿಮವನ್ನು ಕೊರೆಯುತ್ತಾ ತಿರುಗುತ್ತದೆ. ಓರೆ ಹೆಚ್ಚಿದಷ್ಟೂ ತಿರುವು ಬಿಗಿ. ಗಟ್ಟಿ ಹಿಮದ ಮೇಲೆ 8 ಮೀಟರ್ ಸೈಡ್‌ಕಟ್‌ನ ಹಲಗೆಯನ್ನು 60 ಡಿಗ್ರಿ ವಾಲಿಸಿದರೆ, ಸರಳ ಲೆಕ್ಕದಂತೆ ತಿರುವಿನ ತ್ರಿಜ್ಯ 4 ಮೀಟರ್‌ಗೆ ಇಳಿಯುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಕೊಸೈನ್ ಇಲ್ಲಿ ಕೆಲಸಕ್ಕೆ ಬರುತ್ತದೆ!

ಇನ್ನು ಪಕ್ಕದಿಂದ ನೋಡೋಣ. ಕ್ಯಾಂಬರ್ ಹಲಗೆ ಕಮಾನಿನಂತೆ ನಡುವೆ ಎದ್ದಿರುತ್ತದೆ. ಮೇಲೆ ನಿಂತಾಗ ಚಪ್ಪಟೆಯಾಗಿ ತೂಕವನ್ನು ತುದಿಗಳತ್ತಲೂ ಹಂಚುತ್ತದೆ. ಗಟ್ಟಿ ಹಿಮದಲ್ಲಿ ಹಿಡಿತ ಸಿಗುವುದು ಇದರಿಂದ. ರಾಕರ್ ಇದರ ತಲೆಕೆಳಗು, ತುದಿಗಳು ಮೇಲಕ್ಕೆ. ಗುಲ್ಮಾರ್ಗ್‌ನಂಥ ಕಡೆ ಬೀಳುವ ಆಳವಾದ ಪುಡಿಹಿಮದಲ್ಲಿ ಇದರ ಮೂತಿ ಸುಲಭಕ್ಕೆ ಹೂತುಕೊಳ್ಳುವುದಿಲ್ಲ, ಆದರೆ ಗಟ್ಟಿ ಹಿಮದಲ್ಲಿ ಹಿಡಿತ ಕಡಿಮೆ.

ಹೊಸಬರಿಗೆ ಇದು ಬರೀ ರುಚಿಯ ಪ್ರಶ್ನೆಯಲ್ಲ. ಇಳಿಜಾರಿನ ಕೆಳಬದಿಯ ಅಂಚು ಹಿಮಕ್ಕೆ ಸಿಕ್ಕಿದರೆ ದಢಕ್ಕನೆ ಬೀಳುತ್ತೇವೆ, ಕೈಯೂರುತ್ತೇವೆ. ಕಲಿಯುವವರಲ್ಲಿ ಮಣಿಕಟ್ಟು ಮುರಿಯುವುದು ಸಾಮಾನ್ಯವಾಗಿರುವುದು ಇದಕ್ಕೇ. ತುದಿ ಎದ್ದಿರುವ, ಮೆತ್ತಗೆ ಬಾಗುವ ಹಲಗೆಯಲ್ಲಿ ಅಂಚು ಹೀಗೆ ಸಿಕ್ಕಿಕೊಳ್ಳುವುದು ಕಡಿಮೆ; ಮಣಿಕಟ್ಟಿನ ರಕ್ಷಾಪಟ್ಟಿ ಆಗಲೂ ಬೇಕು.

ಅಗಲವನ್ನು ಹೆಚ್ಚಿನವರು ಮರೆಯುತ್ತಾರೆ. ಬೂಟು ಹಲಗೆಯಿಂದ ತೀರಾ ಹೊರಚಾಚಿದರೆ ಓರೆಯಾದಾಗ ಅದೇ ಹಿಮಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತದೆ. ಬಾಡಿಗೆಗೆ ಪಡೆಯುವಾಗ ಎತ್ತರ ಹೇಳಿ ಸುಮ್ಮನಾಗದೆ, ತೂಕವನ್ನೂ ಬೂಟಿನ ಅಳತೆಯನ್ನೂ ಹೇಳಿ.