ಕ್ವಾಂಟಂ ಸಂಖ್ಯೆ ಬಾಯಿಪಾಠಕ್ಕಲ್ಲ

ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ ಹಲವರಿಗೆ ರಸಾಯನವಿಜ್ಞಾನದ ಭಯ ಹುಟ್ಟುವುದೇ ಪರಮಾಣು ರಚನೆಯ ಪಾಠದಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗಂತೂ ಇಂಗ್ಲಿಷಿನ ಕಷ್ಟದ ಮೇಲೆ ನಾಲ್ಕು ಕ್ವಾಂಟಂ ಸಂಖ್ಯೆಗಳ ಹೊರೆ. ಎಂ.ಎಸ್ಸಿ ಓದುತ್ತಾ ಸಂಜೆ ಹೊತ್ತು ಪಿಯು ಮಕ್ಕಳಿಗೆ ಪಾಠ ಹೇಳುವ ನಾನು ಇದನ್ನು ಪ್ರತಿವರ್ಷ ನೋಡುತ್ತೇನೆ. ನೋಟ್ಸ್ ಅಚ್ಚುಕಟ್ಟಾಗಿರುತ್ತದೆ. ಇದೆಲ್ಲ ಯಾಕೆ ಬೇಕು ಎಂದು ಕೇಳಿದರೆ, ‘ಎರಡು ಮಾರ್ಕ್ಸಿಗೆ ಬರುತ್ತೆ ಅಕ್ಕಾ’ ಎನ್ನುತ್ತಾರೆ.

ಈ ಪಾಠವನ್ನು ಆವರ್ತ ಕೋಷ್ಟಕ ಎದುರಿಗಿಟ್ಟುಕೊಂಡೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಕೋಷ್ಟಕದ ಎಡಕ್ಕೆ 2 ಕಂಬಸಾಲು, ಬಲಕ್ಕೆ 6, ನಡುವೆ 10. ಕೆಳಗೆ ಪ್ರತ್ಯೇಕವಾಗಿಟ್ಟ ಎರಡು ಸಾಲುಗಳಲ್ಲಿ ತಲಾ 14 ಧಾತುಗಳು. ಈ ಲೆಕ್ಕ ಎಲ್ಲಿಂದ ಬಂತು? ‘ಎಲ್’ ಬೆಲೆ 0 ಇದ್ದರೆ ‘ಎಂ’ಗೆ ಒಂದೇ ಬೆಲೆ, ಅಂದರೆ ಒಂದೇ ಆರ್ಬಿಟಲ್. ‘ಎಲ್’ 1 ಆದರೆ 3, 2 ಆದರೆ 5, 3 ಆದರೆ 7 ಆರ್ಬಿಟಲ್‌ಗಳು. ಒಂದು ಪರಮಾಣುವಿನ ಯಾವ ಎರಡು ಎಲೆಕ್ಟ್ರಾನ್‌ಗಳಿಗೂ ನಾಲ್ಕೂ ಸಂಖ್ಯೆ ಒಂದೇ ಇರಲಾರದು ಎಂದು 1925ರಲ್ಲಿ ಪೌಲಿ ಹೇಳಿದರು. ಸ್ಪಿನ್‌ಗೆ ಇರುವುದು ಎರಡೇ ಬೆಲೆ. ಹಾಗಾಗಿ ಒಂದು ಆರ್ಬಿಟಲ್‌ನಲ್ಲಿ ಎರಡೇ ಎಲೆಕ್ಟ್ರಾನ್‌ಗಳಿಗೆ ಜಾಗ. 1, 3, 5, 7ನ್ನು ಎರಡರಿಂದ ಗುಣಿಸಿ: 2, 6, 10, 14. ಗೋಡೆಯ ಮೇಲೆ ತೂಗುವ ಆ ಚಾರ್ಟಿನ ಆಕಾರ ಈ ಸಂಖ್ಯೆಗಳಿಂದಲೇ ಬಂದದ್ದು!

ಹೀಗೆ ಕಲಿತವರನ್ನು ‘3ಎಫ್ ಆರ್ಬಿಟಲ್ ಇದೆಯೇ?’ ಎಂಬ ಪ್ರಶ್ನೆ ದಿಕ್ಕು ತಪ್ಪಿಸದು. ‘ಎಲ್’ ಬೆಲೆ ‘ಎನ್’ಗಿಂತ ಒಂದು ಕಡಿಮೆಯವರೆಗೆ ಮಾತ್ರ ಹೋಗುತ್ತದೆ, ‘ಎನ್’ 3 ಇದ್ದಾಗ ‘ಎಲ್’ 3 ಆಗಲಾರದು. ಸಿಇಟಿ ಇರಲಿ, ನೀಟ್ ಇರಲಿ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಬಾಯಿಪಾಠ ಕೈಕೊಡುತ್ತದೆ.

ಇನ್ನೊಂದು ಮಾತು. ಕ್ವಾಂಟಂ ಸಂಖ್ಯೆಯೆಂದರೆ ಎಲೆಕ್ಟ್ರಾನಿನ ‘ಮನೆ ವಿಳಾಸ’ ಎಂದು ಹೇಳಿಕೊಡುವ ರೂಢಿಯಿದೆ. ನೆನಪಿಡಲು ಸುಲಭವೇನೋ ಸರಿ, ಆದರೆ ಎಲೆಕ್ಟ್ರಾನ್ ಒಂದು ಕಡೆ ಕೂತಿದೆ ಎಂಬ ಚಿತ್ರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಆರ್ಬಿಟಲ್ ಹೇಳುವುದು ಅದು ಎಲ್ಲೆಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನಷ್ಟೇ. 1913ರ ಬೋರ್ ಮಾದರಿಯ ಕಕ್ಷೆಗಳಿಂದ 1926ರ ಶ್ರೋಡಿಂಗರ್ ಸಮೀಕರಣಕ್ಕೆ ಬರಲು ವಿಜ್ಞಾನಿಗಳಿಗೇ 13 ವರ್ಷ ಹಿಡಿಯಿತು. ಒಂದು ಪೀರಿಯಡ್‌ನಲ್ಲಿ ಅರ್ಥವಾಗಲಿಲ್ಲವೆಂದು ಹದಿನಾರರ ಹುಡುಗಿ ‘ನನಗೆ ಸೈನ್ಸ್ ಆಗಲ್ಲ’ ಎಂದು ಕೈಚೆಲ್ಲಬೇಕಿಲ್ಲ. ಮೇಷ್ಟ್ರು ಇನ್ನೆರಡು ಪೀರಿಯಡ್ ಕೊಡಲಿ, ಅವಳೂ ಧೈರ್ಯವಾಗಿ ‘ಯಾಕೆ?’ ಎಂದು ಕೇಳಲಿ.